ಹಳೆಯ ಲಾರಿಗೆ ಬೇರೆ ಗೇರ್ ಬಾಕ್ಸು: ನಮ್ಮ ಸೀಮೆಯ ಒಂದು ಹಳೆಯ ಪ್ರಶ್ನೆ



ಕಿತ್ತೂರೆಂದರೆ 1824ರ ಕಾಳಗ, ಬೈಲಹೊಂಗಲವೆಂದರೆ ಚನ್ನಮ್ಮನ ಸಮಾಧಿ, ಸವದತ್ತಿಯೆಂದರೆ ಎಲ್ಲಮ್ಮನ ಗುಡ್ಡ, ರಾಮದುರ್ಗವೆಂದರೆ ಭಾವೆ ಮನೆತನದ ಸಂಸ್ಥಾನ. ವರ್ಗದಲ್ಲಿ ನಿಮಗೆ ನಾನು ಹೇಳಿದ ಇತಿಹಾಸದ ಗಡಿ ಬಹುಮಟ್ಟಿಗೆ ಇಷ್ಟರಲ್ಲಿಯೇ ಮುಗಿಯುತ್ತಿತ್ತು. ಆದರೆ ಈ ನಾಲ್ಕು ಊರುಗಳಿಗೆ ಸಮಾನವಾದ ಇನ್ನೊಂದು ಸಂಗತಿಯಿದೆ. ಇವುಗಳಲ್ಲಿ ಯಾವ ಊರಿಗೂ ರೈಲು ಬರಲಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹಳಿ ಹಾಕಿದಾಗ ಅದು ಹುಬ್ಬಳ್ಳಿ, ಧಾರವಾಡ, ಅಳ್ನಾವರ, ಲೋಂಡಾ, ಬೆಳಗಾವಿ ಎಂದು ಪಶ್ಚಿಮದ ಕಾಡಿನ ಬದಿಯಿಂದ ಸುತ್ತಿ ಹೋಯಿತು. ಕಿತ್ತೂರಿನ ಮೇಲೆ ಧಾರವಾಡ–ಬೆಳಗಾವಿ ಹೊಸ ಮಾರ್ಗಕ್ಕೆ ಮಂಜೂರಾತಿ ಸಿಕ್ಕದ್ದು ತೀರ ಈಚಿನ ಮಾತು. ಆದ್ದರಿಂದ ಬೈಲಹೊಂಗಲದ ಹತ್ತಿ, ರಾಮದುರ್ಗದ ನೇಕಾರರ ಸೀರೆ, ಸವದತ್ತಿಯ ಜೋಳ, ಕಿತ್ತೂರು ಬದಿಯ ಕಬ್ಬು ಮೊದಲು ಚಕ್ಕಡಿಯ ಮೇಲೆ, ಆಮೇಲೆ ಲಾರಿಯ ಮೇಲೆ ಹೊರಟವು. ನಮ್ಮ ಸೀಮೆಯ ಅರ್ಥಶಾಸ್ತ್ರವನ್ನು ತಿಳಿಯಬೇಕಾದರೆ ಲಾರಿಯ ಕೆಳಗೆ ಬಗ್ಗಿ ನೋಡಬೇಕು.

ಹಾಗೆ ಬಗ್ಗಿ ನೋಡಿದವರಿಗೆ ಒಂದು ವಿಷಯ ಕಾಣುತ್ತದೆ. ನಮ್ಮಲ್ಲಿ ಓಡಿದ ಹಳೆಯ ಲಾರಿಗಳಲ್ಲಿ ಕಾರ್ಖಾನೆಯಿಂದ ಬಂದ ಹಾಗೆಯೇ ಕೊನೆಯವರೆಗೂ ಉಳಿದವು ಕಡಿಮೆ. ಒಂದರ ಇಂಜಿನ್ನು, ಇನ್ನೊಂದರ ಗೇರ್ ಬಾಕ್ಸು, ಮತ್ತೊಂದರ ಹಿಂದಿನ ಅಚ್ಚು ಸೇರಿ ಒಂದು ಗಾಡಿ. ‘ಹಳೆಯದೊಂದು ಭಾಗ ಅಗ್ಗಕ್ಕೆ ಸಿಕ್ಕಿದೆ, ಕೂಡಿಸುವುದೋ ಬೇಡವೋ’ ಎಂಬ ಪ್ರಶ್ನೆ ನಮ್ಮ ಲಾರಿ ಮಾಲೀಕರಿಗೆ ಮೂರು ತಲೆಮಾರಿನಿಂದ ಎದುರಾಗಿದೆ. ಈಗ ಅದು ಆಟೊಮ್ಯಾಟಿಕ್ ಗೇರ್ ಬಾಕ್ಸಿನ ರೂಪದಲ್ಲಿ ಬಂದಿದೆ. ಹಿಂದಿನವರು ಈ ಪ್ರಶ್ನೆಯನ್ನು ಹೇಗೆ ಬಿಡಿಸಿದರೆಂಬುದನ್ನು ತಿಳಿದರೆ ಇಂದಿನವರಿಗೂ ದಾರಿ ಕಂಡೀತೆಂದು ಈ ಲೇಖನ.

ಮೊದಲು ಗೇರೆಂದರೇನು ಎಂಬುದನ್ನು ಚಕ್ಕಡಿಯ ಭಾಷೆಯಲ್ಲಿ ಹೇಳುತ್ತೇನೆ. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಅರಬೈಲ ಘಟ್ಟವಿಳಿದು ಕರಾವಳಿಗೆ ಹೋಗುತ್ತಿತ್ತು. ಬಯಲಿನಲ್ಲಿ ಒಂದು ಜೋಡಿ ಎತ್ತು ಸಲೀಸಾಗಿ ಎಳೆಯುವ ಭಾರವನ್ನು ಘಟ್ಟದ ಏರಿನಲ್ಲಿ ಎಳೆಯಲು ಮುಂದೆ ಇನ್ನೊಂದು ಜೋಡಿ ಹೂಡಬೇಕು. ಇಂಜಿನ್ನಿಗೆ ಎರಡನೆಯ ಜೋಡಿ ಎತ್ತು ಇಲ್ಲ. ಅದು ಮಾಡಬಹುದಾದ್ದು ಒಂದೇ: ವೇಗವನ್ನು ಬಿಟ್ಟುಕೊಟ್ಟು ಎಳೆತವನ್ನು ಪಡೆಯುವುದು. ಸಣ್ಣ ಹಲ್ಲಿನ ಗಾಲಿ ಹಲವು ಸುತ್ತು ತಿರುಗಿ ದೊಡ್ಡ ಹಲ್ಲಿನ ಗಾಲಿಯನ್ನು ಒಂದು ಸುತ್ತು ತಿರುಗಿಸಿದರೆ ವೇಗ ಇಳಿಯುತ್ತದೆ, ಶಕ್ತಿ ಏರುತ್ತದೆ. ಈ ವ್ಯಾಪಾರ ನಡೆಯುವ ಕಬ್ಬಿಣದ ಪೆಟ್ಟಿಗೆಯೇ ಗೇರ್ ಬಾಕ್ಸು.

1890ರ ದಶಕದ ಆರಂಭದಲ್ಲಿ ಫ್ರಾನ್ಸಿನ ಎಮಿಲ್ ಲೆವಸೋರ್ ಗಾಡಿಗಳಿಗೆ ಅಳವಡಿಸಿದ ಗೇರು ಬಹಳ ಒರಟು. ತಿರುಗುತ್ತಿರುವ ಒಂದು ಹಲ್ಲುಗಾಲಿಯನ್ನು ಸರಿಸಿ ಇನ್ನೊಂದರೊಳಗೆ ತುರುಕುವುದೇ ಅದರ ವಿಧಾನ. ಎರಡರ ವೇಗ ಕೂಡದಿದ್ದರೆ ಹಲ್ಲು ಮಸೆದು ಊರಿಗೆಲ್ಲ ಕೇಳುವಂತೆ ಕರ್ರೆನ್ನುತ್ತಿತ್ತು. ಇದಕ್ಕೆ ಚಾಲಕರು ಕಂಡುಕೊಂಡ ಉಪಾಯವೇ ಡಬಲ್ ಕ್ಲಚ್. ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್ಲಿಗೆ ತರುವುದು, ಕ್ಲಚ್ ಬಿಡುವುದು, ಕೆಳಗಿನ ಗೇರಿಗೆ ಹೋಗುವುದಾದರೆ ಎಕ್ಸಿಲೇಟರ್ ಕೊಟ್ಟು ವೇಗ ಕೂಡಿಸುವುದು, ಮತ್ತೆ ಕ್ಲಚ್ ಒತ್ತಿ ಗೇರು ಹಾಕುವುದು. ಒಂದು ಗೇರಿಗೆ ಎರಡು ಸಲ ಎಡಗಾಲು ಕೆಲಸ ಮಾಡಬೇಕು. 1928ರಲ್ಲಿ ಅಮೆರಿಕೆಯ ಕ್ಯಾಡಿಲಾಕ್ ಕಾರಿನಲ್ಲಿ ಸಿಂಕ್ರೋಮೆಶ್ ಎಂಬ ಏರ್ಪಾಡು ಬಂತು. ಹಲ್ಲುಗಳು ಕೂಡುವ ಮೊದಲೇ ಒಂದು ಶಂಕುವಿನಾಕಾರದ ಉಂಗುರ ಎರಡರ ವೇಗವನ್ನು ಸಮ ಮಾಡುತ್ತದೆ. ಕಾರುಗಳಿಗೆ ಬಂದ ಈ ಸುಖ ಲಾರಿಗಳಿಗೆ ಬರಲು ದಶಕಗಳೇ ಬೇಕಾದವು. ಅಷ್ಟು ಕಾಲ ನಮ್ಮ ಲಾರಿ ಚಾಲಕರ ಎಡಮೊಣಕಾಲು ಆ ಉಂಗುರದ ಕೆಲಸವನ್ನು ಮಾಡಿತು.

ಇನ್ನು ನಮ್ಮ ಸೀಮೆಯ ಅದಲು–ಬದಲಿನ ಕಥೆಗೆ ಬರೋಣ. ಮೊದಲ ಅಧ್ಯಾಯ ಎರಡನೆಯ ಮಹಾಯುದ್ಧದ್ದು. ಪೆಟ್ರೋಲಿಗೆ ರೇಶನ್ ಬಂದಾಗ ದೇಶದ ಎಲ್ಲೆಡೆ ಬಸ್ಸು ಲಾರಿಗಳ ಬೆನ್ನಿಗೆ ಇದ್ದಿಲು ಉರಿಸುವ ಉದ್ದನೆಯ ಕೊಳವೆಯೊಲೆ ಏರಿತು. ಅದರಿಂದ ಬರುವ ಅನಿಲದಿಂದ ಇಂಜಿನ್ನು ನಡೆಯುತ್ತಿತ್ತು. ಶಕ್ತಿ ಕಡಿಮೆ, ಏರು ಬಂದರೆ ಪ್ರಯಾಣಿಕರು ಇಳಿದು ದೂಡಬೇಕು. ನಮ್ಮ ಹಿರಿಯರು ಇದನ್ನು ನಗುತ್ತಲೇ ಹೇಳುತ್ತಿದ್ದರು. ಆದರೆ ಅವರ ಎದುರಿಗೆ ಇದ್ದ ಆಯ್ಕೆ ಒಳ್ಳೆಯ ಗಾಡಿ ಕೆಟ್ಟ ಗಾಡಿಗಳದ್ದಾಗಿರಲಿಲ್ಲ. ನಡೆಯುವ ಗಾಡಿ, ನಿಂತ ಗಾಡಿ ಇವೆರಡೇ ಇದ್ದವು.

ಎರಡನೆಯ ಅಧ್ಯಾಯ ಯುದ್ಧ ಮುಗಿದ ಮೇಲಿನದು. ಸೈನ್ಯಕ್ಕೆ ಬೇಡವಾದ ಶೆವ್ರೊಲೆ, ಫೋರ್ಡ್, ಡಾಜ್ ಲಾರಿಗಳು ‘ಡಿಸ್ಪೋಜಲ್ ಮಾಲು’ ಎಂದು ಹರಾಜಿಗೆ ಬಂದವು. ಅಗ್ಗವಾದ್ದರಿಂದ ಜನ ಕೊಂಡರು. ಅವೆಲ್ಲ ಪೆಟ್ರೋಲ್ ಗಾಡಿಗಳು. ಜನರಲ್ ಮೋಟರ್ಸ್ ಕಂಪನಿ 1928ರಿಂದ ಮುಂಬಯಿಯ ಶಿವಡಿಯಲ್ಲಿ ಶೆವ್ರೊಲೆ ಗಾಡಿಗಳನ್ನು ಜೋಡಿಸುತ್ತಿತ್ತು. ಫೋರ್ಡ್ ಕೂಡ ಆ ಕೆಲಸ ಮಾಡುತ್ತಿತ್ತು. ಭಾಗಗಳನ್ನು ಹೊರಗಿನಿಂದ ತರಿಸಿ ಬರಿದೇ ಜೋಡಿಸುವ ಕಂಪನಿಗಳು ಇಲ್ಲಿಯೇ ತಯಾರಿಕೆಗೆ ತೊಡಗಬೇಕು, ಇಲ್ಲವೆ ಮುಚ್ಚಬೇಕು ಎಂಬ ನೀತಿಯನ್ನು ಭಾರತ ಸರಕಾರ 1953ರಲ್ಲಿ ತಂದಿತು. ಎರಡೂ ಕಂಪನಿಗಳು ಅಂಗಡಿ ಮುಚ್ಚಿದವು. ಅವು ಮಾರಿದ ಲಾರಿಗಳು ಮಾತ್ರ ನಮ್ಮ ರಸ್ತೆಗಳಲ್ಲಿ ಅನಾಥವಾಗಿ ಉಳಿದವು.

ಅದೇ ಹೊತ್ತಿಗೆ ಡೀಸೆಲ್ ಬಂತು. 1954ರಲ್ಲಿ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್–ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮಶೇಡಪುರದಲ್ಲಿ ಲಾರಿ ತಯಾರಿಸಲು ಆರಂಭಿಸಿತು. ಮುಂದೆ 1969ರಲ್ಲಿ ಆ ಒಪ್ಪಂದ ಮುಗಿದು ಮೂಗಿನ ಮೇಲಿನ ಮೂರು ಮೂಲೆಯ ನಕ್ಷತ್ರ ಹೋದರೂ ನಮ್ಮ ಜನರ ಬಾಯಲ್ಲಿ ಅದು ಬಹುಕಾಲ ‘ಬೆಂಜ್ ಗಾಡಿ’ಯಾಗಿಯೇ ಉಳಿಯಿತು. 1955ರಲ್ಲಿ ಮದ್ರಾಸಿನ ಅಶೋಕ್ ಮೋಟರ್ಸ್ ಕಂಪನಿಯು ಅಶೋಕ್ ಲೇಲ್ಯಾಂಡ್ ಆಯಿತು. ಹೊಸ ಬೆಂಜ್ ಕೊಳ್ಳಲು ಎಲ್ಲರ ಕೈಯಲ್ಲಿ ಹಣವಿರಲಿಲ್ಲ. ಹಣವಿದ್ದರೂ ಸರದಿಗಾಗಿ ಕಾಯಬೇಕಿತ್ತು. ಇತ್ತ ಪೆಟ್ರೋಲ್ ಗಾಡಿ ನಡೆಸಿದರೆ ಬಾಡಿಗೆಯ ಬಹುಪಾಲು ಎಣ್ಣೆಗೇ ಹೋಗುತ್ತಿತ್ತು. ಆಗ ಬಂದದ್ದು ಪರ್ಕಿನ್ಸ್ ಪಿ–6. ಇಂಗ್ಲೆಂಡಿನಲ್ಲಿ 1937ರಲ್ಲಿ ಹೊರಬಂದ ಈ ಆರು ಸಿಲಿಂಡರಿನ ಡೀಸೆಲ್ ಇಂಜಿನ್ನನ್ನು 1950ರ ದಶಕದಲ್ಲಿ ಮದ್ರಾಸಿನ ಸಿಂಪ್ಸನ್ ಕಂಪನಿಯವರು ಇಲ್ಲಿಯೇ ತಯಾರಿಸತೊಡಗಿದರು. ಹಳೆಯ ಶೆವ್ರೊಲೆ, ಫಾರ್ಗೋ, ಬೆಡ್‌ಫರ್ಡ್ ಲಾರಿಗಳ ಪೆಟ್ರೋಲ್ ಇಂಜಿನ್ ಕಿತ್ತು ಪರ್ಕಿನ್ಸ್ ಕೂಡಿಸುವುದು ದೇಶದ ಗ್ಯಾರೇಜುಗಳಿಗೆಲ್ಲ ಒಂದು ಕಸುಬೇ ಆಯಿತು.

ಈ ಕಸುಬಿನಲ್ಲಿ ನಮ್ಮ ಮಿಸ್ತ್ರಿಗಳು ಕಲಿತ ಪಾಠವೇ ಈ ಲೇಖನದ ಹುರುಳು. ಲಾರಿಯೊಂದು ಸರಪಳಿ. ಇಂಜಿನ್ನು, ಕ್ಲಚ್ಚು, ಗೇರ್ ಬಾಕ್ಸು, ಜಾಯಿಂಟ್ ಶಾಫ್ಟು, ಹಿಂದಿನ ಡಿಫರೆನ್ಷಿಯಲ್ಲು, ಗಾಲಿ. ಒಂದು ಕೊಂಡಿಯನ್ನು ಬದಲಿಸಿದರೆ ಉಳಿದ ಕೊಂಡಿಗಳೆಲ್ಲ ಲೆಕ್ಕ ಕೇಳುತ್ತವೆ. ಡೀಸೆಲ್ ಇಂಜಿನ್ನು ಭಾರ. ಆದ್ದರಿಂದ ಮುಂದಿನ ಕಮಾನಿಗೆ ಪಟ್ಟಿ ಏರಿಸಬೇಕಾಯಿತು. ಅದು ಪೆಟ್ರೋಲ್ ಇಂಜಿನ್ನಿನಷ್ಟು ಜೋರಾಗಿ ಸುತ್ತುವುದಿಲ್ಲ. ಹಳೆಯ ಡಿಫರೆನ್ಷಿಯಲ್ ಇಟ್ಟುಕೊಂಡರೆ ಗಾಡಿ ಬಯಲಿನಲ್ಲಿ ಎತ್ತಿನ ಓಟಕ್ಕೆ ಇಳಿಯಿತು. ಅದರ ಪೆಟ್ಟು ಗಟ್ಟಿ. ಪೆಟ್ರೋಲ್ ಇಂಜಿನ್ನಿಗೆಂದು ಮಾಡಿದ ಗೇರಿನ ಹಲ್ಲು ಆ ಪೆಟ್ಟಿಗೆ ಮುರಿಯಿತು. ಆಗ ಮಿಸ್ತ್ರಿಯಾದವನು ಮಾಲೀಕನಿಗೆ ಕೇಳಬೇಕಾದ ಪ್ರಶ್ನೆಗಳು ಮೂರು. ಗಾಡಿ ಯಾವ ರಸ್ತೆಯ ಮೇಲೆ ಓಡುತ್ತದೆ? ಎಷ್ಟು ಭಾರ ಹೊರುತ್ತದೆ? ಮುರಿದು ನಿಂತಾಗ ಭಾಗ ಎಲ್ಲಿ ಸಿಗುತ್ತದೆ? ಈ ಮೂರಕ್ಕೂ ಉತ್ತರವಿದ್ದಲ್ಲಿ ಹಳೆಯ ಲಾರಿ ಇನ್ನೂ ಹದಿನೈದು ವರ್ಷ ದುಡಿಯಿತು. ಇಲ್ಲದಲ್ಲಿ ಅದು ಗ್ಯಾರೇಜಿನ ಹಿಂದೆ ಹುಲ್ಲು ಬೆಳೆಸಿಕೊಂಡು ನಿಂತಿತು.

ಪರ್ಕಿನ್ಸ್ ಗೆದ್ದದ್ದು ಅದು ಹೊಸದೆಂಬ ಕಾರಣಕ್ಕಲ್ಲ. ಅದರ ಭಾಗ ಮದ್ರಾಸಿನಿಂದ ಬರುತ್ತಿತ್ತು, ಅದನ್ನು ಬಿಚ್ಚಿ ಕಟ್ಟಬಲ್ಲ ಕೈ ಹುಬ್ಬಳ್ಳಿಯಂಥ ಪೇಟೆಯಲ್ಲಿತ್ತು, ಅದು ಉಳಿಸಿದ ಎಣ್ಣೆಯ ಹಣ ಕಣ್ಣಿಗೆ ಕಾಣುತ್ತಿತ್ತು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಏಳುತ್ತಿದ್ದ ಕಾಲವನ್ನು ನಿಮ್ಮಲ್ಲಿ ಹಿರಿಯರು ನೆನೆಯಬಲ್ಲಿರಿ. ರೈಲಿಲ್ಲದ ಆ ಜಾಗಕ್ಕೆ ಸಿಮೆಂಟು, ಕಬ್ಬಿಣ ಎಲ್ಲವೂ ಲಾರಿಯ ಮೇಲೆಯೇ ಹೋಗಬೇಕಿತ್ತು. ಇಂದು ರೇಣುಕಾಸಾಗರದ ನೀರು ನೋಡುವಾಗ, ಅದನ್ನು ಹಿಡಿದು ನಿಲ್ಲಿಸಿದ ಗೋಡೆಯಲ್ಲಿ ಲಾರಿ ಚಾಲಕರ ಎಡಗಾಲಿನ ದುಡಿಮೆಯೂ ಸೇರಿದೆಯೆಂದು ನನಗೆ ಅನಿಸುತ್ತದೆ.

ಈಗ ಮೂರನೆಯ ಅಧ್ಯಾಯ. ಕೆಲ ದಿನಗಳ ಹಿಂದೆ ಬೈಲಹೊಂಗಲ ತಾಲೂಕಿನ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿ ಮಾಡಿದ್ದರು. ಅವರದು ಸ್ವಂತ ಟಿಪ್ಪರ್ ಲಾರಿ. ಮಾಲೀಕರೂ ಅವರೇ, ಚಾಲಕರೂ ಅವರೇ. ಮೂವತ್ತು ವರ್ಷ ಕ್ಲಚ್ ಒತ್ತಿ ಎಡಮೊಣಕಾಲು ಸವೆದಿದೆ, ಇನ್ನು ಭಾರದ ಕ್ಲಚ್ ಒತ್ತಬಾರದೆಂದು ಡಾಕ್ಟರರು ಹೇಳಿದ್ದಾರೆ. “ಸರ್, ಗುಜರಿಗೆ ಹೋದ ಸಿಟಿ ಬಸ್ಸಿನ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಒಂದ ಸಿಗತೈತಿ. ನನ್ನ ಗಾಡಿಗೆ ಕೂಡಸೂದೋ ಬ್ಯಾಡೋ, ನೀವ ಹೇಳ್ರಿ” ಎಂದರು. ಇತಿಹಾಸದ ಮಾಸ್ತರನಿಗೆ ಕೇಳುವ ಪ್ರಶ್ನೆಯೇ ಇದು ಎಂದು ನೀವು ನಕ್ಕೀರಿ. ಮಗಳ ಮದುವೆಯ ಸಾಲ ತೀರುವ ಮೊದಲೇ ಸ್ಟೇರಿಂಗ್ ಬಿಡಬೇಕಾಗಿ ಬಂದವರಿಗೆ ಅದು ನಗುವ ವಿಷಯವಲ್ಲ. ಎರಡು ದಿನ ಸಮಯ ಕೇಳಿ, ಓದಬೇಕಾದ್ದನ್ನು ಓದಿ, ಹುಬ್ಬಳ್ಳಿಯ ಪರಿಚಿತ ಮಿಸ್ತ್ರಿಗಳನ್ನು ವಿಚಾರಿಸಿ ಉತ್ತರ ಹೇಳಿದೆ. ಆ ಉತ್ತರ ಇನ್ನೂ ಕೆಲವರಿಗೆ ಬೇಕಾದೀತು.

ಆಟೊಮ್ಯಾಟಿಕ್ ಗೇರಿನ ಮೂಲ ಹಡಗಿನಲ್ಲಿದೆ. 1905ರಲ್ಲಿ ಜರ್ಮನಿಯ ಹರ್ಮನ್ ಫೊಟಿಂಗರ್ ಎಂಬ ಇಂಜಿನಿಯರು ಹಡಗಿನ ಉಗಿ ಟರ್ಬೈನಿನ ವೇಗವನ್ನು ಇಳಿಸಿ ಪಂಖಕ್ಕೆ ತಲುಪಿಸಲು ದ್ರವದ ಮೂಲಕ ಶಕ್ತಿ ಸಾಗಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಎದುರುಬದುರು ಇಟ್ಟ ಎರಡು ಪಂಖಗಳನ್ನು ಊಹಿಸಿರಿ. ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆಯಿರುವುದಷ್ಟೇ ವ್ಯತ್ಯಾಸ. ಗಾಡಿ ನಿಂತಿದ್ದರೂ ಇಂಜಿನ್ನು ನಿಲ್ಲುವುದಿಲ್ಲ. ಆದ್ದರಿಂದ ಕ್ಲಚ್ ಬೇಡ. 1939ರಲ್ಲಿ ಜನರಲ್ ಮೋಟರ್ಸ್ ಕಂಪನಿ ಹೈಡ್ರಮ್ಯಾಟಿಕ್ ಎಂಬ ಹೆಸರಿನಿಂದ ಇದನ್ನು ಓಲ್ಡ್ಸ್‌ಮೊಬೀಲ್ ಕಾರಿಗೆ ಅಳವಡಿಸಿತು. ಯುದ್ಧದಲ್ಲಿ ಅಮೆರಿಕೆಯ ಎಂ–5 ಹಗುರ ಟ್ಯಾಂಕಿಗೂ ಇದೇ ಹೋಯಿತು. ಗಣಿಯ ದೊಡ್ಡ ಡಂಪರುಗಳಲ್ಲಿ ಇಂಥ ಗೇರು ಬಹಳ ಹಿಂದಿನಿಂದಲೂ ಇದೆ. ನಮ್ಮ ನಾಡಿನ ಸಾಮಾನ್ಯರು ಇದನ್ನು ಕಂಡದ್ದು ಬೆಂಗಳೂರಿನಲ್ಲಿ ವೋಲ್ವೊ ಸಿಟಿ ಬಸ್ಸು ಬಂದ ಮೇಲೆ, ಅಂದರೆ 2006ರ ಸುಮಾರಿಗೆ. ನಿಮ್ಮ ಮಕ್ಕಳು ಓಡಿಸುವ ಕೆಲವು ಕಾರುಗಳಲ್ಲಿರುವ ಎ.ಎಂ.ಟಿ. ಬೇರೆ ಜಾತಿಯದು. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಂದಿಗೆ ನಮ್ಮ ದೇಶದಲ್ಲಿ ಪ್ರಸಿದ್ಧವಾದ ಅದರಲ್ಲಿ ಸಾದಾ ಗೇರ್ ಬಾಕ್ಸೇ ಇರುತ್ತದೆ. ಕ್ಲಚ್ ಒತ್ತಿ ಗೇರು ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿದರೆ ಲೆಕ್ಕ ತಪ್ಪುತ್ತದೆ.

ಈಗ ಹಳೆಯ ಮೂರು ಪ್ರಶ್ನೆಗಳನ್ನು ಈ ಪೆಟ್ಟಿಗೆಗೆ ಕೇಳೋಣ.

ಮೊದಲನೆಯದು ರಸ್ತೆ. ನಮ್ಮ ಗಾಡಿಗಳು ಚೋರ್ಲಾ, ಅನಮೋಡ, ಅರಬೈಲ ಘಟ್ಟಗಳನ್ನು ಹತ್ತಿ ಇಳಿಯಬೇಕು. ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬುದು ಚಾಲಕರ ಹಳೆಯ ನಿಯಮ. ಬ್ರೇಕಿನ ಜೊತೆಗೆ ಇಂಜಿನ್ನೂ ಗಾಡಿಯನ್ನು ತಡೆದು ಹಿಡಿಯಲಿ ಎಂಬುದು ಅದರ ಅರ್ಥ. ಹಳೆಯ ಆಟೊಮ್ಯಾಟಿಕ್ ಪೆಟ್ಟಿಗೆಗಳಲ್ಲಿ ಎಣ್ಣೆಯ ಎರಡು ಪಂಖಗಳನ್ನು ಗಟ್ಟಿಯಾಗಿ ಬೆಸೆಯುವ ಲಾಕಪ್ ಎಷ್ಟೋ ಸಲ ಇರುವುದಿಲ್ಲ. ಅಮೆರಿಕೆಯ ಶಾಲಾ ಬಸ್ಸುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಅಲಿಸನ್ ಕಂಪನಿಯ ಎ.ಟಿ. 545 ಎಂಬ ನಾಲ್ಕು ಗೇರಿನ ಪೆಟ್ಟಿಗೆ ಇದಕ್ಕೆ ಉದಾಹರಣೆ. ಲಾಕಪ್ ಇಲ್ಲದಿದ್ದರೆ ಏರಿನಲ್ಲಿ ಎಣ್ಣೆ ಜಾರಿ ಕಾಯುತ್ತದೆ, ಡೀಸೆಲ್ ಹೆಚ್ಚು ಹೋಗುತ್ತದೆ. ಇಳಿಜಾರಿನಲ್ಲಿ ಇಂಜಿನ್ನಿನ ತಡೆ ಸಡಿಲವಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಕೆಲವು ಸಿಟಿ ಬಸ್ಸಿನ ಪೆಟ್ಟಿಗೆಗಳಲ್ಲಿ ರಿಟಾರ್ಡರ್ ಎಂಬ ತಡೆಯಂತ್ರ ಒಳಗೇ ಇರುತ್ತದೆ. ಆದರೆ ಅದೂ ಎಣ್ಣೆಯನ್ನು ಕಾಯಿಸಿಯೇ ಗಾಡಿಯನ್ನು ತಡೆಯುವುದರಿಂದ ದೊಡ್ಡ ಕೂಲರ್ ಇಲ್ಲದೆ ಅದು ಕೆಲಸಕ್ಕೆ ಬಾರದು.

ಎರಡನೆಯದು ಭಾರ ಮತ್ತು ಕೆಲಸ. ಸಿಟಿ ಬಸ್ಸಿನ ಪೆಟ್ಟಿಗೆ ಹಿಂದೆ ಇಂಜಿನ್ನಿರುವ ಗಾಡಿಗೆಂದು ಮಾಡಿದ್ದು. ಮೂಗಿನಲ್ಲಿ ಇಂಜಿನ್ನಿರುವ ಲಾರಿಗೆ ಅದನ್ನು ಕೂಡಿಸಬೇಕಾದರೆ ಇಂಜಿನ್ನಿನ ಬೆನ್ನಿಗೆ ಹೊಸ ಹೌಸಿಂಗ್, ಹೊಸ ಅಡ್ಡಪಟ್ಟಿ, ಬೇರೆ ಉದ್ದದ ಜಾಯಿಂಟ್ ಶಾಫ್ಟ್ ಬೇಕು. ಒಳಗಿನ ಎಣ್ಣೆಪಂಖ ಯಾವ ಇಂಜಿನ್ನಿನ ಸುತ್ತಿಗೆ ಹೊಂದಿಕೊಂಡಿದೆಯೋ ಆ ಸುತ್ತಿನಲ್ಲಿ ಮಾತ್ರ ಚೆನ್ನಾಗಿ ಎಳೆಯುತ್ತದೆ. ಈಚಿನ ಪೆಟ್ಟಿಗೆಯಾದರೆ ಅದಕ್ಕೊಂದು ಗಣಕ, ಕೈಯಷ್ಟು ದಪ್ಪದ ವೈರಿಂಗ್ ಕಟ್ಟು ಬೇರೆ. ಎಲ್ಲಕ್ಕಿಂತ ಮುಖ್ಯವಾದ್ದು, ಟಿಪ್ಪರಿನ ತೊಟ್ಟಿಯನ್ನು ಎತ್ತುವ ಪಂಪು ಗೇರ್ ಬಾಕ್ಸಿನ ಬದಿಯಿಂದ ಶಕ್ತಿ ಪಡೆಯುತ್ತದೆ. ಬಸ್ಸಿಗೆ ಎತ್ತುವ ತೊಟ್ಟಿ ಇಲ್ಲವಾದ್ದರಿಂದ ಅದರ ಪೆಟ್ಟಿಗೆಯಲ್ಲಿ ಆ ಏರ್ಪಾಡು ಇರಲಾರದು. ಉಸುಕು ಹೊತ್ತು ಹೋಗಿ ಸುರಿಯಲಾರದ ಟಿಪ್ಪರಿನಿಂದ ಏನು ಪ್ರಯೋಜನ?

ಮೂರನೆಯದು ಭಾಗ ಮತ್ತು ಕೈ. ಸಾದಾ ಗೇರ್ ಬಾಕ್ಸಿನ ಹಲ್ಲುಗಾಲಿ ಬೆಳಗಾವಿಯಲ್ಲಿ, ಹುಬ್ಬಳ್ಳಿಯಲ್ಲಿ ಸಿಗುತ್ತದೆ. ತಾಲೂಕಿನ ಮಿಸ್ತ್ರಿ ಒಂದು ದಿನದಲ್ಲಿ ಇಳಿಸಿ ಏರಿಸುತ್ತಾನೆ. ಆಟೊಮ್ಯಾಟಿಕ್ ಪೆಟ್ಟಿಗೆಯ ಒಳಗಿನ ಸೂಕ್ಷ್ಮ ಎಣ್ಣೆದಾರಿಗಳಿಗೆ ಒಂದು ಕಣ ಕಸ ಬಿದ್ದರೆ ಕೆಲಸ ಕೆಡುತ್ತದೆ. ಬ್ಯಾಟರಿ ಇಳಿದ ಗಾಡಿಯನ್ನು ನಾಲ್ಕು ಜನ ದೂಡಿ ಚಾಲೂ ಮಾಡುವ ನಮ್ಮ ಪದ್ಧತಿಯೂ ಅಲ್ಲಿ ನಡೆಯದು. ಕೆಟ್ಟು ನಿಂತರೆ ಹಿಂದಿನ ಗಾಲಿ ನೆಲದ ಮೇಲೆ ಉರುಳುವಂತೆ ಹಗ್ಗ ಕಟ್ಟಿ ದೂರ ಎಳೆಯುವಂತೆಯೂ ಇಲ್ಲ. ಇಂಜಿನ್ನು ನಿಂತಿದ್ದಾಗ ಒಳಗಿನ ಪಂಪು ಎಣ್ಣೆ ಹಾಯಿಸದೆ ಪೆಟ್ಟಿಗೆ ಸುಟ್ಟು ಹೋಗುತ್ತದೆ.

ಇದರ ಮೇಲೆ ಕಾಯಿದೆ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಕಲಮನ್ನು ಬಿಗಿಯಾಗಿ ಓದಿತು. ಆರ್.ಸಿ. ಪುಸ್ತಕದಲ್ಲಿ ಇಂಜಿನ್ ಮತ್ತು ಚಾಸಿಸ್ ಸಂಖ್ಯೆಗಳಿರುತ್ತವೆ, ಗೇರ್ ಬಾಕ್ಸಿನದು ಇರುವುದಿಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದು ಗ್ಯಾರೇಜಿನಲ್ಲಿ ಹೇಳುವವರುಂಟು. ಚಾಸಿಸ್ಸಿಗೆ ಅಡ್ಡಪಟ್ಟಿ ಬೆಸೆದ ಗಾಡಿ ಪಾಸಿಂಗಿಗೆ ಹೋದಾಗ, ಅಥವಾ ದೇವರು ಹಾಗೆ ಮಾಡದಿರಲಿ, ಅಪಘಾತವಾಗಿ ವಿಮೆಯವರು ಪರೀಕ್ಷೆಗೆ ಬಂದಾಗ ಗೊತ್ತಾಗುತ್ತದೆ. ಪರ್ಕಿನ್ಸ್ ಕಾಲದಲ್ಲಿ ಮಿಸ್ತ್ರಿಯ ಜಾಣ್ಮೆಗೆ ಇದ್ದ ಸಡಿಲು ಇಂದು ಇಲ್ಲ. ಅದು ಸರಿಯೂ ಹೌದು. ರಸ್ತೆಯ ಮೇಲೆ ನಡೆಯುವವರು ಆಗಿನಷ್ಟು ವಿರಳವಲ್ಲ.

ಆದ್ದರಿಂದ ನನ್ನ ಉತ್ತರ ‘ಬೇಡ’ ಎಂಬುದಾಗಿತ್ತು. ಬರಿಯ ‘ಬೇಡ’ವನ್ನು ಮೊಣಕಾಲು ನೋಯುವವರ ಕೈಗೆ ಕೊಟ್ಟರೆ ಸಾಲದು. ಅವರ ಕೊರತೆ ಗೇರ್ ಬಾಕ್ಸಿನದಲ್ಲ, ಕ್ಲಚ್ಚಿನ ಭಾರದ್ದು. ಹಳೆಯ ಗಾಡಿಯ ಕ್ಲಚ್ ಭಾರವಾಗುವುದು ಬಹಳ ಸಲ ಸವೆದ ಪ್ಲೇಟು, ತುಕ್ಕು ಹಿಡಿದ ಕೊಂಡಿ, ಒಣಗಿದ ಬೇರಿಂಗುಗಳಿಂದ. ಅವನ್ನು ಮೊದಲು ಸರಿಪಡಿಸಬೇಕು. ಗಾಳಿಯ ಒತ್ತಡದಿಂದ ಕ್ಲಚ್ಚಿಗೆ ನೆರವಾಗುವ ಬೂಸ್ಟರ್ ಅನೇಕ ಭಾರಿ ಲಾರಿಗಳಲ್ಲಿ ಕಂಪನಿಯಿಂದಲೇ ಬರುತ್ತದೆ. ತಮ್ಮ ಮಾದರಿಗೆ ಅದು ದೊರೆಯುವುದೇ ಎಂದು ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಕೇಳಬೇಕು. ಅದೂ ಆಗದಿದ್ದರೆ ಗಾಡಿಯನ್ನು ಮಾರಿ, ಕಾರ್ಖಾನೆಯಲ್ಲಿಯೇ ಎ.ಎಂ.ಟಿ. ಕೂಡಿಸಿದ ಗಾಡಿಗೆ ಹೋಗುವುದು, ಇಲ್ಲವೆ ಸ್ಟೇರಿಂಗನ್ನು ಪಗಾರದ ಚಾಲಕನಿಗೆ ಕೊಟ್ಟು ತಾವು ಬಾಡಿಗೆಯ ಲೆಕ್ಕ ನೋಡುವುದು. ಅವರು ಮೊದಲಿನದನ್ನು ಮಾಡಿಸಿದರು. ಕ್ಲಚ್ ಹಗುರಾಗಿದೆ, ಮೊಣಕಾಲು ಅಷ್ಟೇ ಇದೆ. ಘಟ್ಟದ ಬಾಡಿಗೆಯನ್ನು ಮಾತ್ರ ಬಿಟ್ಟಿದ್ದಾರೆ.

ಹಾಗಾದರೆ ಹಳೆಯ ಆಟೊಮ್ಯಾಟಿಕ್ ಎಲ್ಲಿಯೂ ಸಲ್ಲದೇ? ಸಲ್ಲುತ್ತದೆ. ಅದೇ ಇಂಜಿನ್ನಿನೊಡನೆ ಅದೇ ಕಂಪನಿ ಆ ಪೆಟ್ಟಿಗೆಯನ್ನು ಮಾರಿದ್ದು, ಕೂಲರ್, ವೈರಿಂಗ್, ಶಾಫ್ಟ್ ಸಹಿತ ಇಡೀ ಗಾಡಿಯೇ ಕೈಗೆ ಸಿಕ್ಕಿದ್ದು, ಕೆಲಸ ಸಪಾಟು ನೆಲದಲ್ಲಿ ಹತ್ತಾರು ಸಲ ನಿಂತು ಹೊರಡುವಂಥದ್ದು, ಅದನ್ನು ಬಲ್ಲ ಕಾರ್ಯಾಗಾರ ಹತ್ತಿರವಿದ್ದು, ಅಧಿಕಾರಿಗಳ ಲಿಖಿತ ಒಪ್ಪಿಗೆಯೂ ದೊರೆತರೆ ಅದು ವಿವೇಕದ ಕೆಲಸವೇ. ಈ ಎಲ್ಲವೂ ಕೂಡಿ ಬರುವ ಸಂದರ್ಭ ನಮ್ಮ ನಾಲ್ಕು ತಾಲೂಕುಗಳಲ್ಲಿ ನನಗೆ ಕಾಣಲಿಲ್ಲ.

ಇಷ್ಟೆಲ್ಲ ವಿಚಾರಿಸುವಾಗ ನನ್ನನ್ನು ಹೆಚ್ಚು ಕಾಡಿದ ಸಂಗತಿ ಬೇರೆ. ಎಪ್ಪತ್ತು ವರ್ಷ ನಾವು ಲಾರಿಯ ಎಣ್ಣೆಯ ಲೆಕ್ಕ ಹಾಕಿದೆವು, ಟಯರಿನ ಲೆಕ್ಕ ಹಾಕಿದೆವು, ಹಲ್ಲು ಮುರಿದ ಗಾಲಿಯ ಲೆಕ್ಕ ಹಾಕಿದೆವು. ಚಾಲಕನ ಮೊಣಕಾಲಿನ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕರ ಕೋಣೆಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಎ.ಎಂ.ಟಿ. ಲಾರಿಗಳೂ ಒಂದೊಂದಾಗಿ ಬರುತ್ತಿವೆ. ಗಾಡಿಯಲ್ಲಿ ಕೂತ ಮನುಷ್ಯನೂ ಸರಪಳಿಯ ಒಂದು ಕೊಂಡಿಯೆಂಬುದು ತಡವಾಗಿಯಾದರೂ ತಿಳಿಯುತ್ತಿದೆ.

ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ಅಂಡಿಗೆ ಹೇರಿದ ಮೂಗಿನ ಲಾರಿಗಳು, ರಾಮದುರ್ಗದ ದಾರಿಯ ಗ್ಯಾರೇಜುಗಳು, ಎಲ್ಲಮ್ಮನ ಹುಣ್ಣಿಮೆಗೆ ಜನರನ್ನು ತುಂಬಿಕೊಂಡು ಬಂದ ಟ್ರಕ್ಕುಗಳು ನಿಮ್ಮ ನೆನಪಿನಲ್ಲಿಯೂ ಇರಬಹುದು. ನಿಮ್ಮ ಮನೆಯಲ್ಲಿ ಲಾರಿ ನಡೆಸಿದ ಹಿರಿಯರಿದ್ದರೆ, ಯಾವ ಗಾಡಿಗೆ ಯಾವ ಇಂಜಿನ್ನು ಕೂಡಿಸಿದ್ದರು, ಅದು ಎಷ್ಟು ವರ್ಷ ನಡೆಯಿತು ಎಂದು ಕೇಳಿ ಬರೆದು ಕಳಿಸಿರಿ. ಜೊತೆಗೆ ಅವರ ಮೊಣಕಾಲು ಹೇಗಿದೆಯೆಂದೂ ಕೇಳಿರಿ.